ನೆಟ್ಟಗೆ ಕೊರೆಯುವ ಮಿಷಿನ್ನು

ನನಗೆ ಕೋಪ ಬೇಗ ಬರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು. ಎಲ್ಲರಿಗೂ ಬರುವ ಹೊತ್ತಿಗೇ ನನಗೂ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಭಾವನ ಮೇಲಿನ ಕೋಪವಂತೂ ನನ್ನ ಜೊತೆ ಊಟಕ್ಕೆ ಕೂತು ನನ್ನ ಜೊತೆಯೇ ಕೈ ತೊಳೆಯುತ್ತದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ, ಅಭ್ಯಾಸಬಲ, ಮನಸ್ಸಿನಲ್ಲಿ ಏಕವಚನವೇ. ಕೊರಟಗೆರೆಯಲ್ಲಿ ನಮ್ಮದು ಒಂದೇ ಜಾಗ, ನಡುವೆ ಒಂದು ಗೋಡೆ. ರಸ್ತೆಯ ಕಡೆಯದು ಅವರ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ಹಿಂದಿನ ಷೆಡ್ಡು ನಮ್ಮದು. ಅಲ್ಲಿ ನಾನು ಶ್ಯಾವಿಗೆ ಒರಳು ಮಾಡುತ್ತೇನೆ. ಅದು ನನ್ನ ಮಾವನ ಕಸುಬು. ಅವರಿಗೆ ಮಂಡಿನೋವು ಹಿಡಿದು ಕೂತುಬಿಟ್ಟಾಗ ದೊಡ್ಡ ಮಗ ಆಗಲೇ ವೆಲ್ಡಿಂಗ್ ಹಿಡಿದಿದ್ದರು. ಚಿಕ್ಕವರು, ಅಂದರೆ ನನ್ನ ಯಜಮಾನರು, ಪಾವಗಡದ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದರು. ಉಳಿದವಳು ನಾನು. ಮಾವ ಷೆಡ್ಡಿನ ಬಾಗಿಲಲ್ಲಿ ಮಂಚ ಹಾಕಿಸಿಕೊಂಡು, ಬೈದು ಬೈದು ಕಲಿಸಿದರು.

ಒರಳು ಎಂದರೆ ಮೂರು ಕಾಲಿನ ಮರದ ಸ್ಟ್ಯಾಂಡು, ನಡುವೆ ಕಬ್ಬಿಣದ ಕೊಳವೆ, ಮೇಲಿಂದ ತಿರುಗಿಸುವ ಸ್ಕ್ರೂ. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಬಿಸಿಯಾಗಿ ಒಳಗೆ ಹಾಕಿ ತಿರುಗಿಸಿದರೆ ಕೆಳಗಿನ ಹಿತ್ತಾಳೆ ಬಿಲ್ಲೆಯ ತೂತುಗಳಿಂದ ಶ್ಯಾವಿಗೆ ಇಳಿಯುತ್ತದೆ. ಕಾಯಿಹಾಲು ಸುರಿದುಕೊಂಡು ತಿನ್ನುವವರಿಗೆ ಇದೆಲ್ಲ ಯಾಕೆ ಬೇಕು? ಒತ್ತುವವಳಿಗೆ ಗೊತ್ತು, ಒರಳಿನ ಜೀವವೆಲ್ಲ ಆ ಬಿಲ್ಲೆಯಲ್ಲಿದೆ. ತೂತುಗಳೆಲ್ಲ ನೆಟ್ಟಗಿರಬೇಕು, ಒಂದೇ ದಪ್ಪ ಇರಬೇಕು. ಒಂದು ತೂತು ವಾಲಿದರೆ ಅದರ ಎಳೆ ಪಕ್ಕದ ಎಳೆಗೆ ಅಂಟುತ್ತದೆ, ಅದು ಇನ್ನೊಂದಕ್ಕೆ. ಕೊನೆಗೆ ತಟ್ಟೆಗೆ ಬೀಳುವುದು ಮುದ್ದೆ.

ಜಾಗ ಪಾಲು ಮಾಡಿದ ದಿನ ಮಾವ ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದ್ದರು. "ಹಿಂದ್ಗಡೆ ಷೆಡ್ಡು ಚಿಕ್ಕೋನ್ಗೆ. ಆದ್ರೆ ಅದು ಒರಳಿನ ಷೆಡ್ಡು. ಇಲ್ಲಿಂದ ಒರಳು ಓಗ್ತಿರೋಗಂಟ ಅವುಂದು. ಒರಳು ನಿಂತ ದಿನ ದೊಡ್ಡೋನು ಗೋಡೆ ಒಡ್ದು ತಗಳ್ಳಿ." ಅವತ್ತು ಭಾವ ತಲೆಯಾಡಿಸಿದರು. ಅವತ್ತಿನಿಂದ ಆ ಗೋಡೆಯನ್ನು ನೋಡುವಾಗಲೆಲ್ಲ ಅವರ ಕಣ್ಣಿನಲ್ಲಿ ಸುತ್ತಿಗೆಯೇ ಇತ್ತು. ಗೇಟುಗಳನ್ನು ಒರಗಿಸಲು ಅವರಿಗೆ ಜಾಗ ಸಾಲುತ್ತಿರಲಿಲ್ಲ, ನಿಜ. ಜಾಗ ಸಾಲದಿದ್ದರೆ ಬಾಡಿಗೆಗೆ ತೆಗೆದುಕೊಳ್ಳಲಿ. ನನ್ನ ಷೆಡ್ಡಿನ ಮೇಲೆ ಯಾಕೆ ಕಣ್ಣು?

ಮೊದಲೆಲ್ಲ ಬಿಲ್ಲೆಗಳು ತುಮಕೂರಿನಿಂದ ತಯಾರಾಗಿಯೇ ಬರುತ್ತಿದ್ದವು. ಕೊಡುತ್ತಿದ್ದವನು ಅಂಗಡಿ ಮುಚ್ಚಿದ. ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಡ್ರಿಲ್ಲು ಇತ್ತು. ಅದರಲ್ಲಿ ಗೋಡೆ ಕೊರೆಯಬಹುದು, ಬಿಲ್ಲೆ ಆಗುವುದಿಲ್ಲ. ಕೈ ಚೂರು ಅಲ್ಲಾಡಿದರೂ ತೂತು ಕೊರೆಯುವ ಸೂಜಿಯಂಥ ಕಡ್ಡಿ, ಅದಕ್ಕೆ ಬಿಟ್ಟು ಅಂತಾರೆ, ಪಟ್ಟನೆ ಮುರಿಯುತ್ತದೆ. ಬೆಂಚಿನ ಮೇಲೆ ಕೂರಿಸುವ, ಹಿಡಿ ಎಳೆದರೆ ನೇರ ಕೆಳಗಿಳಿಯುವ ಮಿಷಿನ್ನೇ ಬೇಕು. ಅಂಥದ್ದು ಇದ್ದದ್ದು ಭಾವನ ಅಂಗಡಿಯಲ್ಲಿ. ಹಾಗಾಗಿ ಬಿಲ್ಲೆ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಲ್ಲುವುದು ನನ್ನ ಹಣೆಬರಹವಾಯಿತು. ಹಿಡಿಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಟೀ ಮುಗಿಯಬೇಕು, ಫೋನು ಮುಗಿಯಬೇಕು, ಬಂದವರ ಹತ್ತಿರ ಹರಟೆ ಮುಗಿಯಬೇಕು. "ನಿನ್ ಬಿಲ್ಲೆ ಎಲ್ಗಮ್ಮ ಓಡೋಯ್ತದೆ? ಕುಂತ್ಕೊ" ಎನ್ನುವರು. ಕೂರಲು ಅಲ್ಲಿ ಏನೂ ಇರುತ್ತಿರಲಿಲ್ಲ.

ಆ ಮಿಷಿನ್ನು ಗೇಟಿಗೆ ಸರಿ. ಗೇಟಿನ ತೂತು ಕೂದಲೆಳೆಯಷ್ಟು ವಾಲಿದರೆ ಬೋಲ್ಟು ಕೇಳುವುದಿಲ್ಲ. ಶ್ಯಾವಿಗೆ ಕೇಳುತ್ತದೆ. ಬರಗೂರಿನಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಒರಳು ಹೊತ್ತುಕೊಂಡು ಬಂದು ನನ್ನ ಷೆಡ್ಡಿನ ಮುಂದೆ ದೊಪ್ಪನೆ ಇಟ್ಟಳು. "ಇದ್ರಾಗೆ ಸ್ಯಾವ್ಗೆ ಬರಲ್ಲ ಕಣಮ್ಮ, ಜಡೆ ಬತ್ತದೆ. ಬೀಗ್ರ ಮುಂದೆ ಮಾನ ಓಯ್ತು ನಂಗೆ." ಮಂಚದ ಮೇಲಿದ್ದ ಮಾವ ಕೇಳಿಸಿಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನ ಮಾನ ಒಂದು ಬಿಲ್ಲೆಯ ತೂತಿನಲ್ಲಿ ಹೋಗಿತ್ತು. ತೋವಿನಕೆರೆಯಿಂದ ಇನ್ನೊಂದು ವಾಪಸ್ಸು ಬಂದಾಗ ನಾನು ಬಿಲ್ಲೆ ಕಳಚಿಕೊಂಡು ನೇರ ಭಾವನ ಅಂಗಡಿಗೆ ಹೋದೆ.

"ಭಾವ, ನಿಮ್ ಮಿಷಿನ್ ವಾಲ್ತೈತೆ. ನೋಡಿ, ತೂತೆಲ್ಲ ಒಂದೇ ಕಡೆಗ್ ಮಲ್ಗವೆ."

ಅವರು ಬಿಲ್ಲೆಯ ಕಡೆ ನೋಡಲೂ ಇಲ್ಲ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರಿಗೆ ಕೇಳಲಿ ಎಂದೇ ಜೋರಾಗಿ ಹೇಳಿದರು. "ಮಿಷಿನ್ ಸರ್ಯಾಗೈತೆ. ನೀನ್ ಗುರ್ತು ಆಕೋದೇ ಸೊಟ್ಟ. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಗಿರಾಕಿಗಳು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಇದ್ದ ಕಬ್ಬಿಣದ ಸರಳು ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಎತ್ತಲಿಲ್ಲ. ಆದರೆ ಎಟುಕುವಷ್ಟು ಹತ್ತಿರ ಇತ್ತು ಎನ್ನುವುದು ಇವತ್ತಿಗೂ ನೆನಪಿದೆ.

ಅದೇ ವಾರ ಭಾವ ಮಾವನ ಮಂಚದ ಪಕ್ಕ ಕೂತು, ಬಹಳ ನಯವಾಗಿ, ಒರಳೆಲ್ಲ ವಾಪಸ್ ಬರ್ತಾ ಇದ್ದರೆ ಅದು ನಿಂತ ಲೆಕ್ಕವೇ ಅಲ್ಲವೇ ಎಂದು ಕೇಳಿದರು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಮಾವ "ಉಗಾದಿ ಗಂಟ ನೋಡನ" ಎಂದರು. ಆಗಷ್ಟೇ ಸಂಕ್ರಾಂತಿ ಕಳೆದಿತ್ತು. ನಾನು ಒಳಗೆ ಹಿತ್ತಾಳೆ ಕತ್ತರಿಸುತ್ತಿದ್ದೆ, ಎಲ್ಲ ಕೇಳಿಸಿತು. ಯುಗಾದಿಯೊಳಗೆ ನನ್ನದೇ ಮಿಷಿನ್ನು ಬರಬೇಕು, ಇಲ್ಲದಿದ್ದರೆ ಷೆಡ್ಡು ಹೋಯಿತು. ಅಷ್ಟೇ ಲೆಕ್ಕ.

ಯಜಮಾನರಿಗೆ ಹೇಳಿದೆ. ಅವರು ಒಳ್ಳೆಯವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅಣ್ಣನ ಎದುರು ಅವರ ಬಾಯಿಗೆ ಬ್ರೇಕು ತಾನಾಗಿ ಬೀಳುತ್ತದೆ. "ಫೋನಲ್ಲೇ ತರ್ಸನ ಬುಡು, ಮನೆ ಬಾಗ್ಲಿಗೇ ಬತ್ತದೆ" ಎಂದರು. ನೋಡಿದೆ. ಎಲ್ಲದಕ್ಕೂ ಐದೈದು ನಕ್ಷತ್ರ. ಓದಿ ನೋಡಿದರೆ, ಪೆಟ್ಟಿಗೆ ಚೆನ್ನಾಗಿ ಪ್ಯಾಕ್ ಮಾಡಿದ್ದರು ಅಂತ ಒಬ್ಬ, ಬಣ್ಣ ಚೆಂದ ಅಂತ ಇನ್ನೊಬ್ಬ. ನನಗೆ ಬಣ್ಣ ಕಟ್ಟಿಕೊಂಡು ಏನಾಗಬೇಕು? ಮುಟ್ಟಿ ಅಲ್ಲಾಡಿಸದೆ ಹಸುವನ್ನೂ ಕೊಳ್ಳಬಾರದು, ಮಿಷಿನ್ನನ್ನೂ ಕೊಳ್ಳಬಾರದು.

ಹಳೆಯದಾದರೆ ಅಗ್ಗಕ್ಕೆ ಸಿಕ್ಕೀತು ಎಂದು ಸಿರಾದ ಗುಜರಿಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದಾರೆ! ನನ್ನ ಗಂಡನೇ ಹೇಳಿ ಕಳಿಸಿದ್ದು. ಅಣ್ಣನಿಗೆ ಮಿಷಿನ್ ಗೊತ್ತು, ನಿನಗೆ ಮೋಸ ಆಗಬಾರದು, ಅಂತ. ಆ ದಿನ ಯಜಮಾನರಿಗೆ ಮನೆಯಲ್ಲಿ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದು ಬೇಡ.

ಗುಜರಿ ಅಂಗಡಿಯ ಸಾಹೇಬರು ಹಸಿರು ಬಣ್ಣ ಬಳಿದ ಒಂದು ಭಾರಿ ಮಿಷಿನ್ನಿನ ಮೇಲಿಂದ ಗೋಣಿ ತೆಗೆದರು. "ನೋಡಿ ಅಮ್ಮಾ, ಏಕ್‌ದಮ್ ಗಟ್ಟಿ ಮಾಲ್." ನಾನು ಬಾಯಿ ತೆರೆಯುವ ಮೊದಲೇ ಭಾವ ಅದರ ಮೈ ತಟ್ಟಿದರು, ಎಮ್ಮೆ ಬೆನ್ನು ತಟ್ಟಿದ ಹಾಗೆ. "ಲೋಹ ನೋಡು ಲೋಹ! ಈಗಿನ್ ಮಿಷಿನೆಲ್ಲ ತಗಡು. ಕಣ್ ಮುಚ್ಕಂಡ್ ತಗಳಮ್ಮ."

ನಾನು ಕಣ್ಣು ಮುಚ್ಚಲಿಲ್ಲ. ಬಿಟ್ಟು ಹಿಡಿಯುವ ಬಾಯಿ ಇರುತ್ತದಲ್ಲ, ಚಕ್ಕು, ಅದನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದೆ. ಕಟಕಟ ಅಂದಿತು.

"ಅದು ಗ್ಯಾಪು," ಎಂದರು ಭಾವ. "ಇರ್ಬೇಕು. ಇಲ್ದಿದ್ರೆ ಬಿಸಿಯಾಗಿ ಇಡ್ಕಂತದೆ."

ಸೆರಗಿನ ಗಂಟಿನಿಂದ ನನ್ನ ಸಣ್ಣ ಬಿಟ್ಟು ತೆಗೆದು ಚಕ್ಕಿಗೆ ಹಾಕಿದೆ. ದೊಡ್ಡ ಚಕ್ಕು, ಪೂರ್ತಿ ಬಿಗಿದರೂ ಬಿಟ್ಟು ಸಡಿಲವಾಗಿ ಆಡುತ್ತಿತ್ತು. ಕಾಗದ ಸುತ್ತಿ ಹೇಗೋ ನಿಲ್ಲಿಸಿ ಸ್ವಿಚ್ಚು ಹಾಕಿಸಿದೆ. ಮಿಷಿನ್ನು ಸರಿಯಿದ್ದರೆ ತಿರುಗುವ ಬಿಟ್ಟಿನ ತುದಿ ಒಂದು ಚುಕ್ಕೆಯಾಗಿ ನಿಲ್ಲಬೇಕು. ಇದು ರಾಗಿಕಾಳಿನಷ್ಟು ಅಗಲದ ಉಂಗುರ ಬರೆಯುತ್ತಿತ್ತು. ಸಾಹೇಬರು ಬಗ್ಗಿ ನೋಡಿ ತಾವೇ ಸ್ವಿಚ್ಚು ಆರಿಸಿದರು. "ಸಹಿ ಬಾತ್ ಅಮ್ಮಾ. ಇದು ಗೇಟ್ ಕೆಲಸಕ್ಕೆ ಆಗ್ತದೆ. ನಿಮ್ಮ ಸಣ್ಣ ಕೆಲಸಕ್ಕೆ ಬೇಡ." ಮಾರುವವನೇ ಬೇಡ ಎಂದ ಮೇಲೂ ಭಾವ ಬಿಡಲಿಲ್ಲ. "ಎಂಗಸ್ರಿಗೆ ಮಿಷಿನ್ ತೋರ್ಸಿದ್ರೆ ಇಂಗೇಯ" ಎಂದು ಅವರ ಮೇಲೆಯೇ ರೇಗಿದರು. ವಾಪಸ್ಸಿನ ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ದಾರಿಯುದ್ದಕ್ಕೂ ಆ ಬೋಳುತಲೆಯನ್ನೇ ನೋಡುತ್ತಾ ಬಂದೆ. ತನ್ನದರಂತೆಯೇ ವಾಲುವ ಇನ್ನೊಂದನ್ನು ನನ್ನ ತಲೆಗೆ ಕಟ್ಟಬೇಕು ಎಂದು ಬಂದಿದ್ದ ಮನುಷ್ಯ. ಹಾಳಾಗಿ ಹೋಗ ಎಂದು ಮನಸ್ಸಿನಲ್ಲಿ ಅಂದೆ. ಬರೆಯುವಾಗಲೂ ಅನ್ನುತ್ತಿದ್ದೇನೆ.

ಮುಂದಿನ ಸಲ ಗಂಡನ ಬಸ್ಸಿನಲ್ಲೇ ಪಾವಗಡಕ್ಕೆ ಹೋದೆ. ಅಲ್ಲಿ ಒಬ್ಬರು ಲೇತ್ ಅಂಗಡಿ ಮುಚ್ಚುತ್ತಿದ್ದಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ವಯಸ್ಸಾದ ಮನುಷ್ಯ, ಬಾಯಿ ತೆರೆದರೆ ಅರ್ಧ ತೆಲುಗು. "ಚೂಡಮ್ಮಾ, ನಾ ಚೇತುಲ್ತೋ ಸಾಕಿದ ಮಿಷಿನ್. ಒಂದ್ಸಾರಿ ಆನ್ ಮಾಡಿ ಚೂಡು." ನೋಡಿದೆ. ಕೈಯಾರೆ ಸಾಕಿದ್ದು ಎಂದದ್ದು ಸುಳ್ಳಲ್ಲ, ಬಿಟ್ಟಿನ ತುದಿ ಚುಕ್ಕೆಯಾಗಿ ನಿಂತಿತು. ಆಮೇಲೆ ಸೈಕಲ್ ಕಡ್ಡಿಯ ಪರೀಕ್ಷೆ. ಕಡ್ಡಿಯನ್ನು ಮೊಣಕೈಯಂತೆ ಬಗ್ಗಿಸಿ ಚಕ್ಕಿಗೆ ಕಚ್ಚಿಸಬೇಕು. ಅದರ ತುದಿ ಮಿಷಿನ್ನಿನ ಮೇಜಿಗೆ ತಾಗಿಯೂ ತಾಗದ ಹಾಗೆ ಇಳಿಸಿ, ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಸುತ್ತಲೂ ಒಂದೇ ಸಮ ಸವರಿದರೆ ಮೇಜು ನೆಟ್ಟಗಿದೆ. ಒಂದು ಕಡೆ ಗೀರಿ ಇನ್ನೊಂದು ಕಡೆ ಗಾಳಿ ಬಿಟ್ಟರೆ ಮೇಜು ವಾಲಿದೆ, ತೂತೂ ವಾಲುತ್ತದೆ. ಇಲ್ಲಿ ಸುತ್ತಲೂ ಸಮ. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮೋಟಾರಿನ ವೈರು ಕಾಣಿಸಿತು.

"ಇದು ತ್ರೀ ಫೇಸ್ ಅಲ್ವೇನ್ರಿ?"

"ಏಮೈತುಂದಮ್ಮಾ, ಮೋಟ್ರು ಮಾರ್ಚ್ಕೋ."

ಮೋಟಾರು ಬದಲಿಸಿಕೋ ಎನ್ನಲು ಅವರಿಗೇನು ಹೋಗುತ್ತದೆ. ನನ್ನ ಷೆಡ್ಡಿಗಿರುವುದು ಮನೆಯ ಕರೆಂಟು. ಅದರಲ್ಲಿ ಈ ಮೋಟಾರು ತಿರುಗುವುದೇ ಇಲ್ಲ. ಬದಲಿಸಲು ಹೋದರೆ ಹೊಸ ಮಿಷಿನ್ನೇ ಬರುವಷ್ಟು ಖರ್ಚು. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರೆ, ನೀನು ಕೇಳಲಿಲ್ಲವಲ್ಲ ಎಂದರು! ಊಟಕ್ಕೆ ಬಸ್ಸು ನಿಲ್ಲಿಸಿ ಬಂದಿದ್ದ ನನ್ನ ಗಂಡ ಆಗ ಬಾಯಿ ತೆರೆದರು. "ಅಣ್ಣನ ಅಂಗ್ಡೀಲಿ ತ್ರೀ ಫೇಸ್ ಲೈನ್ ಐತಲ್ಲ ಕಣೆ. ಅಲ್ಲೇ ಇಟ್ಕಂಡ್ರೆ?"

ನಾನು ಅವರ ಮುಖ ನೋಡಿದೆ. ಆ ನೋಟ ಅವರಿಗೆ ಮಧುಗಿರಿ ದಾಟುವವರೆಗೂ ಸಾಕಾಯಿತು.

ಉಳಿದದ್ದು ಹೊಸದು. ಮಧುಗಿರಿಯಲ್ಲಿ ಪಂಪು, ಮೋಟಾರು, ಮಿಷಿನ್ನು ಮಾರುವ ಒಂದು ಅಂಗಡಿ ಇದೆ. ಈ ಸಲ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಎದ್ದು ಅಕ್ಕಿಹಿಟ್ಟು ತೊಳಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಆರದ ಹಾಗೆ ಟವೆಲ್ಲು ಸುತ್ತಿ ಸ್ಟೀಲ್ ಡಬ್ಬಕ್ಕೆ ಹಾಕಿದೆ. ಗೋಣಿಚೀಲದಲ್ಲಿ ಒಂದು ಒರಳು, ಕೊರೆಯದ ಎರಡು ಬಿಲ್ಲೆ, ಸೈಕಲ್ ಕಡ್ಡಿ. ಮೊದಲ ಬಸ್ಸಿಗೇ ಹತ್ತಿದೆ.

ಅಂಗಡಿಯವರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು. "ಯಜಮಾನ್ರು ಬಂದಿಲ್ವೇನಮ್ಮ?"

"ಯಜಮಾನ್ರು ಬಸ್ ಓಡಿಸ್ತಾರೆ. ಮಿಷಿನ್ ಓಡ್ಸೋಳು ನಾನು."

"ಯಾವ್ ಕೆಲ್ಸಕ್ಕೆ?"

"ಸ್ಯಾವ್ಗೆಗೆ."

ಕೌಂಟರಿನ ಹತ್ತಿರ ಇದ್ದವರು ಕಿಸಕ್ಕೆಂದರು. ನಗಲಿ. ಅಂಗಡಿಯವರು ಎಲ್ಲಕ್ಕಿಂತ ಅಗ್ಗದ, ಕೆಂಪಗೆ ಹೊಳೆಯುವ ಮಿಷಿನ್ನು ತೋರಿಸಿದರು. ಅದಕ್ಕೊಂದು ಲೈಟು, ಎಲ್ಲಿ ಕೊರೆಯಬೇಕೋ ಅಲ್ಲಿ ಕೆಂಪು ಗೆರೆ ಬೀಳುತ್ತದಂತೆ. ಬೊಟ್ಟು ಇಟ್ಟ ಮಾತ್ರಕ್ಕೆ ಹಣೆ ನೆಟ್ಟಗಾಗುತ್ತದೆಯೇ? ಒಂದು ಬಿಲ್ಲೆ ಕೊರೆದು ನೋಡಬೇಕು ಎಂದೆ. ಹಾಗೆಲ್ಲ ಆಗುವುದಿಲ್ಲ ಎಂದರು. "ಅಂಗಾದ್ರೆ ನಂಗೂ ಆಗಲ್ಲ" ಎಂದು ಗೋಣಿಚೀಲ ಎತ್ತಿಕೊಂಡೆ. ಬಂದ ಗಿರಾಕಿ ಹೋಗುತ್ತಾಳೆ ಎಂದರೆ ಯಾವ ಅಂಗಡಿಯವನ ಹೊಟ್ಟೆ ಸುಮ್ಮನಿರುತ್ತದೆ? ಪ್ಲಗ್ಗು ಹಾಕಿಸಿದರು.

ಕೆಂಪು ಮಿಷಿನ್ನಿನಲ್ಲಿ ಒಂದಿಷ್ಟು ತೂತು ಕೊರೆದೆ. ಬಿಲ್ಲೆಯನ್ನು ಒರಳಿಗೆ ಹಾಕಿ, ಒರಳನ್ನು ಅವರ ಕೌಂಟರಿನ ಮೇಲೆಯೇ ಇಟ್ಟು, ಉಂಡೆ ಒಳಗೆ ತುರುಕಿ ಸ್ಕ್ರೂ ತಿರುಗಿಸಿದೆ. ಬಿಲ್ ಪುಸ್ತಕಗಳನ್ನು ಗಾಬರಿಯಿಂದ ಪಕ್ಕಕ್ಕೆ ಸರಿಸಿದರು. ಎಳೆಗಳು ಹೊರಗೆ ಬಂದವು, ಬಂದದ್ದೇ ಎಡಕ್ಕೆ ತಿರುಗಿ ಒಂದರ ಮೈಮೇಲೊಂದು ಬಿದ್ದವು. "ನೋಡಿ," ಎಂದೆ, "ನಿಮ್ ಲೈಟು ಎಲ್ಲಿಗ್ ಬಿತ್ತೋ, ಸ್ಯಾವ್ಗೆ ಎಲ್ಲಿಗ್ ಓಯ್ತೋ." ಮೊದಲು ನಕ್ಕವರು ಈಗ ಹತ್ತಿರ ಬಂದು ನಿಂತಿದ್ದರು. ಮೂಲೆಯಲ್ಲಿ ಬೂದು ಬಣ್ಣದ ಒಂದು ಕುಳ್ಳ ಮಿಷಿನ್ನು ಧೂಳು ಹಿಡಿದು ಕೂತಿತ್ತು. ಸಣ್ಣ ಚಕ್ಕು, ನನ್ನ ಬಿಟ್ಟನ್ನು ಗಟ್ಟಿಯಾಗಿ ಕಚ್ಚಿತು. ಮೇಲಿನ ಮುಚ್ಚಳ ತೆಗೆದು ಬೆಲ್ಟನ್ನು ವೇಗ ಹೆಚ್ಚಿಸುವ ಗಾಲಿಗೆ ನಾನೇ ಬದಲಿಸಿದೆ; ಬಿಟ್ಟು ಸಣ್ಣದಾದಷ್ಟೂ ವೇಗ ಹೆಚ್ಚಿರಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಸೈಕಲ್ ಕಡ್ಡಿ ಸುತ್ತಲೂ ಸಮ ಸವರಿತು. ಕೊರೆದೆ, ಹಾಕಿದೆ, ಒತ್ತಿದೆ. ಶ್ಯಾವಿಗೆ ನೆಟ್ಟಗೆ ಇಳಿಯಿತು, ಎಳೆ ಎಳೆಯಾಗಿ.

ಅಂಗಡಿಯವರು ಒಂದು ಎಳೆ ಬಾಯಿಗೆ ಹಾಕಿಕೊಂಡು ನೋಡಿದರು. "ಉಪ್ಪು ಕಮ್ಮಿ," ಎಂದರು. ಸೋತವನಿಗೆ ಅಷ್ಟಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಚೀಟಿ ಎತ್ತಿದ್ದ ದುಡ್ಡು ಕೊಟ್ಟು ಆ ಕುಳ್ಳನನ್ನು ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ತಂದೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡುತ್ತಾರೆಯೇ? ನಮ್ಮಲ್ಲಿ ಹೊಸ ಗಾಡಿ ಬರಲಿ, ಹೊಸ ಮಿಷಿನ್ನು ಬರಲಿ, ಪೂಜೆಯಾಗದೆ ಸ್ವಿಚ್ಚು ಹಾಕುವಂತಿಲ್ಲ. ಪೂಜೆಯೆಂದರೆ ಕಾಯಿ, ಕಾಯಿಯೆಂದರೆ ಮನೆಯ ಹಿರಿಯ ಗಂಡಸಿನ ಕೈ. ಮಾವನಿಗೆ ನಿಲ್ಲಲು ಆಗದು. "ದೊಡ್ಡೋನು ಒಡೀಲಿ," ಎಂದರು. ನಾನು ಬೇಡ ಎನ್ನಲಾರೆ. ಭಾವ ಬಂದರು. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು, ಮಿಷಿನ್ನಿಗೂ ಬಳಿದು, ಕುಂಕುಮ ಇಟ್ಟು, ಲಾರಿಯ ಬಂಪರಿಗೆ ಒಡೆಯುವ ಹಾಗೆ ಕಾಯಿಯನ್ನು ತಲೆಯ ಮೇಲಕ್ಕೆತ್ತಿ ಮಿಷಿನ್ನಿನ ಮೇಜಿನ ಅಂಚಿಗೆ ಬೀಸಿ ಹೊಡೆದರು. ಒಡೆಯಲಿಲ್ಲ. ಇನ್ನೊಂದು ಸಲ ಇನ್ನೂ ಜೋರಾಗಿ ಹೊಡೆದರು. ಕಾಯಿ ಎರಡು ಸಮ ಹೋಳಾಯಿತು. ಎಲ್ಲರೂ ಶುಭವಾಯಿತು ಎಂದರು.

ಅವರೆಲ್ಲ ಹೋದ ಮೇಲೆ ಕಾಯಿನೀರು ಒರೆಸಿ ಸೈಕಲ್ ಕಡ್ಡಿ ಹಾಕಿದೆ. ಮುಂದಿನ ಕಡೆ ಗಾಳಿ, ಹಿಂದಿನ ಕಡೆ ಗೀರು. ಬಗ್ಗಿ ನೋಡಿದರೆ ಮೇಜು ಕಂಬವನ್ನು ಹಿಡಿದುಕೊಳ್ಳುವ ಕಡೆ ಬೀಡುಕಬ್ಬಿಣ ಸೀಳಿತ್ತು. ಇಂಥ ಮಿಷಿನ್ನಿನ ಎರಕ ತೆಳ್ಳಗಿರುತ್ತದೆ. ಬಾಗಲು ಗೊತ್ತಿಲ್ಲ, ಒಡೆಯುತ್ತದೆ. ಇಪ್ಪತ್ತು ವರ್ಷದಿಂದ ಕಬ್ಬಿಣದ ಜೊತೆ ಬದುಕಿದ ಭಾವನಿಗೆ ಅದು ಗೊತ್ತಿಲ್ಲವೇ? ಭಾವನ ಅಂಗಡಿಗೆ ಓಡಿದೆ.

"ಕಾಯಿ ಮಿಷಿನ್ ಮೇಲ್ ಒಡೀದೆ ತಲೆ ಮೇಲ್ ಒಡೀತಾರೇನಮ್ಮ?" ಎಂದರು. ನನಗೆ ಆ ಕ್ಷಣಕ್ಕೆ ಅದು ಒಳ್ಳೆಯ ಸಲಹೆ ಎನಿಸಿತು. "ಸೀಳ್ಬುಟ್ರೆ ಏನಾಯ್ತು, ವೆಲ್ಡ್ ಮಾಡ್ಕೊಡ್ತೀನಿ ತಗಂಬಾ."

ಬೀಡುಕಬ್ಬಿಣವನ್ನು ಅವರ ವೆಲ್ಡಿಂಗಿಗೆ ಕೊಟ್ಟರೆ ಇನ್ನೂ ನಾಲ್ಕು ಕಡೆ ಸೀಳುತ್ತದೆ. ಬೇಡ ಎಂದೆ. ಮಧುಗಿರಿಯ ಅಂಗಡಿಗೆ ಫೋನು ಮಾಡಿದೆ. ಕಾಯಿ ಒಡೆದದ್ದಕ್ಕೆಲ್ಲ ವಾರಂಟಿ ಬರುವುದಿಲ್ಲ ಎಂದು ಅವರು ಫೋನು ಇಟ್ಟರು. ಆ ರಾತ್ರಿ ಅಡುಗೆ ಮಾಡಲಿಲ್ಲ. ಅಳುವುದೂ ಅತ್ತೆ, ದುಃಖಕ್ಕಲ್ಲ, ಸಿಟ್ಟಿಗೆ. ಬೇಕೆಂದೇ ಮಾಡಿದ್ದು ಎಂದು ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬುತ್ತೇನೆ.

ಬೆಳಗ್ಗೆ ಮಾವ ಮಂಚದಿಂದಲೇ ಎಲ್ಲ ಕೇಳಿಕೊಂಡು, "ಮೇಜು ಓಯ್ತು. ಬುಡ ಐತಲ್ಲ?" ಎಂದರು. ಮಿಷಿನ್ನು ನಿಲ್ಲುವ ಕೆಳಗಿನ ಹಲಗೆಗೆ ಏನೂ ಆಗಿರಲಿಲ್ಲ. ಸೀಳಿದ ಮೇಜನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಆದರೆ ಬುಡ ತೀರ ಕೆಳಗೆ. ಬಿಟ್ಟು ಅಲ್ಲಿಗೆ ಮುಟ್ಟುವುದಿಲ್ಲ. ಅಡುಗೆಕಟ್ಟೆಗೆ ಗ್ರಾನೈಟ್ ಹಾಸುವವರ ಅಂಗಡಿಯಲ್ಲಿ ಪಾಲೀಶಾದ ಚೂರುಗಳು ರಾಶಿ ಬಿದ್ದಿರುತ್ತವೆ. ಒಂದೇ ದಪ್ಪದವನ್ನು ಆರಿಸಿ ತಂದು, ಬುಡದ ಮೇಲೆ ಒಂದರ ಮೇಲೊಂದು ಕೂರಿಸಿ, ಅಲುಗದ ಹಾಗೆ ಕ್ಲ್ಯಾಂಪು ಹಾಕಿ, ಮೇಲೊಂದು ಮರದ ತುಂಡು ಇಟ್ಟೆ. ಕಡ್ಡಿ ತಿರುಗಿಸಿದೆ. ಸುತ್ತಲೂ ಸಮ. ಮೇಜಿಗಿಂತ ಗಟ್ಟಿ. ಒತ್ತಿದರೆ ಕಲ್ಲು ಬಗ್ಗುತ್ತದೆಯೇ? ಬರಗೂರಿನ ಹೆಂಗಸಿಗೆ ಹೊಸ ಬಿಲ್ಲೆ ಹಾಕಿದ ಒರಳನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು, ಒತ್ತಿಸಿ, ನೋಡಿ ಬಂದೆ. ಭಾವನಿಗೆ ಮಾತ್ರ ಹೇಳಲಿಲ್ಲ. ಅವರು ದಿನಾ ಬಾಗಿಲಲ್ಲಿ ಇಣುಕಿ, ಗೋಡೆಗೆ ಒರಗಿಸಿದ ಸೀಳು ಮೇಜನ್ನು ನೋಡಿ, ತೃಪ್ತಿಯಾಗಿ ಹೋಗುತ್ತಿದ್ದರು.

ಯುಗಾದಿಗೆ ಇನ್ನೇನು ಕೆಲವೇ ದಿನ ಇತ್ತು. ಅಷ್ಟರಲ್ಲಿ ಭಾವನ ಮಗಳಿಗೆ ಗಂಡು ಗೊತ್ತಾಯಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿ: ಮದುವೆಯಾಗಿ ಹೋಗುವ ಹುಡುಗಿಗೆ ಈ ಷೆಡ್ಡಿನಿಂದಲೇ ಒರಳು. ಬೀಗರು ಮೊದಲ ಊಟಕ್ಕೆ ಬಂದ ದಿನ, ಅವರ ಕಣ್ಣೆದುರಿಗೇ ಹುಡುಗಿ ಅದರಲ್ಲಿ ಶ್ಯಾವಿಗೆ ಒತ್ತಬೇಕು. ಎಳೆ ನೆಟ್ಟಗೆ ಬಂದರೆ ಹುಡುಗಿಯ ಕೈಗುಣ ಒಳ್ಳೆಯದು ಎನ್ನುತ್ತಾರೆ. ಬರದಿದ್ದರೆ ಏನೆನ್ನುತ್ತಾರೆ ಎಂದು ಬರಗೂರಿನವಳನ್ನು ಕೇಳಿ.

ಸಂಜೆ ಭಾವ ಷೆಡ್ಡಿನ ಬಾಗಿಲಿಗೆ ಬಂದು ನಿಂತರು. ಮಾವ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕೂರಿ ಎನ್ನಲಿಲ್ಲ ನಾನು. ಕೂರಲು ಅಲ್ಲಿ ಏನೂ ಇರಲಿಲ್ಲ.

"ಮಗೀಗೊಂದ್ ಒರಳು ಆಗ್ಬೇಕಿತ್ತು," ಎಂದರು.

"ಆಗ್ಲಿ ಭಾವ. ಮರ, ಸ್ಕ್ರೂ ಎಲ್ಲ ರೆಡಿ ಐತೆ. ಬಿಲ್ಲೆಗೆ ಗುರ್ತು ಆಕ್ಕೊಡ್ತೀನಿ, ನಿಮ್ ಅಂಗ್ಡೀಲೇ ಕೊರ್ಕಂಬುಡಿ. ನನ್ ಮೇಜು ಸೀಳೋಗೈತಲ್ಲ."

ಅವರು ಸೀಳು ಮೇಜನ್ನು ನೋಡಿದರು. ಆಮೇಲೆ ಕಲ್ಲಿನ ಮೇಲೆ ಆಗತಾನೇ ಕೊರೆದಿಟ್ಟ ಬಿಲ್ಲೆ ಕಾಣಿಸಿತು. ಎತ್ತಿಕೊಂಡು ಬೆಳಕಿಗೆ ಹಿಡಿದರು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ವಾಲಿದ ಒಂದು ತೂತನ್ನು ಆ ಮನುಷ್ಯ ಎಷ್ಟು ಆಸೆಯಿಂದ ಹುಡುಕಿದರು!

"ಇದ್ರಾಗೇ ಕೊರ್ದ್ಬುಡು," ಎಂದರು ಮೆಲ್ಲಗೆ.

"ಯಾಕ್ ಭಾವ? ನಿಮ್ ಮಿಷಿನ್ ಸರ್ಯಾಗೈತಲ್ಲ. ಗುರ್ತು ನೀವೇ ಆಕ್ಕೊಳಿ, ನಾನ್ ಆಕಿದ್ರೆ ಸೊಟ್ಟ."

ಬಿಲ್ಲೆಯನ್ನು ಮತ್ತೆ ಕಲ್ಲಿನ ಮೇಲಿಟ್ಟರು. ನನಗೆ ಅಯ್ಯೋ ಪಾಪ ಎನಿಸಲಿಲ್ಲ, ಒಂದು ಚೂರೂ ಎನಿಸಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಅಂದರು:

"ಬ್ಯಾಡ. ಅದು ವಾಲ್ತದೆ."

ಗೋಡೆಯ ಕಡೆ ತಿರುಗಿದ್ದ ಮಾವ ಇತ್ತ ತಿರುಗಿದರು. ಅವರ ಮಂಡಿ ಹೋಗಿದೆ, ಕಿವಿಗೆ ಇವತ್ತಿಗೂ ಏನೂ ಆಗಿಲ್ಲ.

"ಏನಂದ್ಯಲಾ?" ಎಂದರು. "ಸರ್ಯಾಗ್ ಕೇಳ್ಲಿಲ್ಲ. ಇನ್ನೊಂದ್ಸಲ ಯೋಳು."